ಒಂದೇ ಹೊಳೆಯ ದಂಡೆಯಲ್ಲಿ ಭತ್ತವೂ ಉಪ್ಪೂ ಹೇಗೆ?

ಪ್ರಶ್ನೆ: ಕುಮಟಾ ಹತ್ತಿರ ಅಘನಾಶಿನಿಯ ದಂಡೆಯಲ್ಲಿ ಭತ್ತ ಬೆಳೆಯುತ್ತಾರೆ, ಸಾಣಿಕಟ್ಟಾದಲ್ಲಿ ಉಪ್ಪು ತೆಗೆಯುತ್ತಾರೆ. ಎರಡಕ್ಕೂ ಅದೇ ಹೊಳೆಯ ನೀರು ಅಲ್ವಾ? ಇದು ಹೇಗೆ ಸಾಧ್ಯ?

ಉತ್ತರ: ಹೊಳೆ ಅದೇ, ಆದರೆ ನೀರು ವರ್ಷವಿಡೀ ಒಂದೇ ಥರ ಇರುವುದಿಲ್ಲ. ಅಘನಾಶಿನಿ ಶಿರಸಿಯ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ತದಡಿ ಹತ್ತಿರ ಸಮುದ್ರ ಸೇರುತ್ತದೆ. ಇದಕ್ಕೆ ದೊಡ್ಡ ಅಣೆಕಟ್ಟು ಇಲ್ಲ. ಹಾಗಾಗಿ ಮಳೆಗಾಲದಲ್ಲಿ ಘಟ್ಟದ ಸಿಹಿನೀರು ರಭಸದಿಂದ ಬಂದು ಉಪ್ಪುನೀರನ್ನು ಕೆಳಗೆ ತಳ್ಳುತ್ತದೆ. ಮಳೆ ನಿಂತ ಮೇಲೆ ಭರತದ (ಸಮುದ್ರದ ಉಬ್ಬರದ) ಜೊತೆ ಸಮುದ್ರವೇ ಹೊಳೆಯೊಳಗೆ ಏರಿ ಬರುತ್ತದೆ.

ದಂಡೆಯ ತಗ್ಗು ಗದ್ದೆಗಳಿಗೆ ಗಜನಿ ಅನ್ನುತ್ತಾರೆ. ಮಳೆ ನೀರು ಮಣ್ಣಿನ ಉಪ್ಪನ್ನು ತೊಳೆದ ಮೇಲೆ ಅಲ್ಲಿ ಕಗ್ಗ ಭತ್ತ ಬಿತ್ತುತ್ತಾರೆ. ಕಗ್ಗ ಗಟ್ಟಿ ತಳಿ. ಅಲ್ಪಸ್ವಲ್ಪ ಉಪ್ಪು ತಡೆದುಕೊಳ್ಳುತ್ತದೆ, ಕೆಲವು ದಿನ ನೆರೆಯಲ್ಲಿ ಮುಳುಗಿದರೂ ಸಾಯುವುದಿಲ್ಲ. ಕೊಯ್ಲಿನಲ್ಲಿ ತೆನೆಯನ್ನು ಮಾತ್ರ ಕೊಯ್ದು ಹುಲ್ಲನ್ನು ಗದ್ದೆಯಲ್ಲೇ ಬಿಡುತ್ತಾರೆ. ಆಮೇಲೆ ಕಟ್ಟೆಯ ಬಾಗಿಲು ತೆಗೆದು ಭರತದ ನೀರು ಒಳಗೆ ಬಿಡುತ್ತಾರೆ. ಅದರ ಜೊತೆ ಶೆಟ್ಲಿ (ಸೀಗಡಿ), ಏಡಿ, ಮೀನು ಒಳಗೆ ಬರುತ್ತವೆ. ಕೊಳೆಯುವ ಹುಲ್ಲು ಅವುಗಳ ಮೇವಾಗುತ್ತದೆ. ಗೊಬ್ಬರ ಹಾಕದೆ ಒಂದೇ ಗದ್ದೆಯಲ್ಲಿ ಎರಡು ಫಸಲು! ಇಷ್ಟು ಜಾಣತನದ ಬೇಸಾಯ ನಮ್ಮ ಕರಾವಳಿಯಲ್ಲಿ ಬೇರೆ ಇಲ್ಲ ಅಂತ ನನ್ನ ಅನಿಸಿಕೆ.

ಉಪ್ಪಿನ ಕೆಲಸ ಬೇಸಿಗೆಯದು. ಸಾಣಿಕಟ್ಟಾದ ಆಗರದಲ್ಲಿ, ಅಂದರೆ ಉಪ್ಪಿನ ಗದ್ದೆಯಲ್ಲಿ, ಭರತದ ನೀರನ್ನು ಹಿಡಿದಿಟ್ಟು, ಬಿಸಿಲಿಗೆ ಗಟ್ಟಿಯಾಗಲು ಬಿಟ್ಟು, ಚಿಕ್ಕ ಮಡಿಗಳಿಗೆ ಹಾಯಿಸುತ್ತಾರೆ. ಹರಳುಗಟ್ಟಿದ ಉಪ್ಪನ್ನು ಎಳೆದು ರಾಶಿ ಹಾಕುತ್ತಾರೆ. ಮುಂಗಾರು ಬಂದರೆ ಆ ವರ್ಷದ ಕೆಲಸ ಮುಗಿಯಿತು. ಇನ್ನು ಇಳಿತದ ಹೊತ್ತಲ್ಲಿ ಕೆಸರಿನಿಂದ ಬಳಚು (ತಿನ್ನುವ ಚಿಪ್ಪುಜೀವಿ) ಆರಿಸುವವರೂ ಇದ್ದಾರೆ, ಹೆಚ್ಚಿನವರು ಹೆಂಗಸರು. ಅದರ ಚಿಪ್ಪು ಸುಣ್ಣಕ್ಕೆ ಹೋಗುತ್ತದೆ.

ಆದರೆ ಕಗ್ಗ ಬೆಳೆಯುವವರು ಈಗ ಕಡಿಮೆ. ಶೆಟ್ಲಿಗೆ ದುಡ್ಡು ಜಾಸ್ತಿ. ಅದಕ್ಕಾಗಿ ತೆನೆ ಮಾಗುವ ಮೊದಲೇ ಬಾಗಿಲು ತೆಗೆದರೆ ಭತ್ತ ಹಾಳು. ಹಲವು ಗಜನಿಗಳು ಶೆಟ್ಲಿ ಸಾಕಣೆಗೆ ಗುತ್ತಿಗೆ ಹೋದವು, ಆಮೇಲೆ ರೋಗ ಬಂದು ಅದೂ ಕೈಕೊಟ್ಟಿತು. ತದಡಿಯಲ್ಲಿ ದೊಡ್ಡ ಉಷ್ಣ ವಿದ್ಯುತ್ ಸ್ಥಾವರ ಕಟ್ಟುವ ಯೋಜನೆಯೂ ಬಂದಿತ್ತು, ಜನ ವಿರೋಧಿಸಿದರು. 2024ರಲ್ಲಿ ಹೊಳೆ ಸಮುದ್ರ ಸೇರುವ ಈ ಅಳಿವೆ, ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್‌ಸಾರ್ ಪಟ್ಟಿಗೆ ಸೇರಿತು. ಕಗ್ಗ ಬೆಳೆಯುವುದನ್ನು ನೋಡಬೇಕೆಂದರೆ ಮಳೆಗಾಲದಲ್ಲಿ ಕುಮಟಾ ತಾಲೂಕಿನ ಮಾಣಿಕಟ್ಟಾ ಊರಿಗೆ ಹೋಗಿ. ಅಲ್ಲಿನ ರೈತರು ಇದನ್ನು ಇನ್ನೂ ಬಿಟ್ಟಿಲ್ಲ.