ಟೆಸ್ಟ್ ಸಿಸ್ಟಮ್‌ಗೂ ಪ್ರೊಡಕ್ಷನ್ ಡಿಸ್ಕ್ ಕೊಡಬಹುದಾ?

ಪ್ರಶ್ನೆ: ನಮ್ಮ ಮೇನ್‌ಫ್ರೇಮ್‌ನಲ್ಲಿ ಎರಡು ಪ್ರೊಡಕ್ಷನ್ ಎಲ್‌ಪಾರ್ (ಒಂದೇ ಯಂತ್ರವನ್ನು ಭಾಗ ಮಾಡಿ ಮಾಡಿದ ಬೇರೆಬೇರೆ ಸಿಸ್ಟಮ್‌ಗಳು) ಒಂದೇ ಸಿಸ್‌ಪ್ಲೆಕ್ಸ್‌ನಲ್ಲಿವೆ, ಅಂದರೆ ಒಟ್ಟಾಗಿ ಕೆಲಸ ಮಾಡುವ ಒಂದೇ ಗುಂಪಿನಲ್ಲಿವೆ. ಟೆಸ್ಟ್ ಎಲ್‌ಪಾರ್ ಅದರ ಹೊರಗಿದೆ. ಎಚ್‌ಸಿಡಿಯಲ್ಲಿ (ಯಾವ ಸಿಸ್ಟಮ್‌ಗೆ ಯಾವ ಸಾಧನ ಎಂದು ಬರೆದಿಡುವ ಕಡೆ) ಡಿಸ್ಕ್‌ಗೆ ‘ಶೇರ್ಡ್’ ಅಂತ ಹಾಕಿದರೆ ಮೂರೂ ಕಡೆ ಆನ್‌ಲೈನ್ ಇಡಬಹುದಲ್ವಾ?
– ಓದುಗರೊಬ್ಬರು, ಹೆಬ್ಬಾಳ, ಮೈಸೂರು

ಉತ್ತರ: ಆನ್‌ಲೈನ್ ಆಗುತ್ತದೆ. ತೊಂದರೆ ಇರುವುದೇ ಅಲ್ಲಿ. ಯಾರೂ ತಡೆಯುವುದಿಲ್ಲ, ಎಲ್ಲ ಸರಿಯಿದೆ ಅನ್ನಿಸುತ್ತದೆ.

ಆ ‘ಶೇರ್ಡ್’ ಮಾಡುವ ಕೆಲಸ ಚಿಕ್ಕದು. ಪ್ರೋಗ್ರಾಮ್ ರಿಸರ್ವ್ (ಡಿಸ್ಕ್ ಸದ್ಯಕ್ಕೆ ನಮ್ಮ ಸಿಸ್ಟಮ್‌ಗೆ ಮಾತ್ರ ಎನ್ನುವ ಬೀಗ) ಕೇಳಿದರೆ ಅದನ್ನು ಡಿಸ್ಕ್‌ವರೆಗೂ ಕಳಿಸುತ್ತದೆ, ಅಷ್ಟೇ. ಯಾರು ಮೊದಲು, ಯಾರು ಆಮೇಲೆ ಎಂದು ನೋಡಿಕೊಳ್ಳುವುದು ಜಿಆರ್‌ಎಸ್ ಎಂಬ ಸಿಸ್ಟಮ್‌ನದೇ ಭಾಗ. ಮಂಡ್ಯ ಕಡೆಯವರಿಗೆ ನೀರುಗಂಟಿ (ನಾಲೆ ನೀರನ್ನು ಸರದಿಯಂತೆ ಗದ್ದೆಗಳಿಗೆ ಬಿಡುವವನು) ಅಂದರೆ ಸಾಕು, ಅರ್ಥವಾಗುತ್ತದೆ. ರಿಸರ್ವ್ ಅಂದರೆ ಒಂದು ಗದ್ದೆಗೋಸ್ಕರ ಇಡೀ ನಾಲೆಯನ್ನೇ ತಿರುಗಿಸಿಕೊಂಡ ಹಾಗೆ. ಬೇಕಿದ್ದದ್ದು ಒಂದೇ ಡೇಟಾಸೆಟ್ (ಮೇನ್‌ಫ್ರೇಮ್‌ನ ಫೈಲ್) ಆದರೂ ವಾಲ್ಯೂಮ್, ಅಂದರೆ ಡಿಸ್ಕ್, ಪೂರ್ತಿ ಒಂದೇ ಸಿಸ್ಟಮ್‌ನ ಕೈಗೆ ಹೋಗುತ್ತದೆ, ಉಳಿದವು ಕಾಯುತ್ತವೆ.

ಈ ಕಾಯುವಿಕೆ ಬೇಡವೆಂದೇ ಬಹಳ ಕಡೆ ಜಿಆರ್‌ಎಸ್‌ಆರ್‌ಎನ್‌ಎಲ್ ಮೆಂಬರ್‌ನಲ್ಲಿ (ಜಿಆರ್‌ಎಸ್‌ನ ನಿಯಮಗಳ ಪಟ್ಟಿ) ರಿಸರ್ವ್‌ಗಳನ್ನು ಕನ್ವರ್ಟ್ ಮಾಡಿರುತ್ತಾರೆ. ಆಗ ಡಿಸ್ಕ್‌ಗೆ ರಿಸರ್ವ್ ಹೋಗುವುದಿಲ್ಲ. ಅದರ ಬದಲು ಸಿಸ್‌ಪ್ಲೆಕ್ಸ್ ಪೂರ್ತಿ ಕಾಣುವ ಎನ್‌ಕ್ಯೂ ಬರುತ್ತದೆ, ಅಂದರೆ ಬೇಕಾದದ್ದಕ್ಕಷ್ಟೇ ಜಿಆರ್‌ಎಸ್ ಹಾಕುವ ಬೀಗ. ಒಳಗಿರುವವರಿಗೆ ಇದು ತುಂಬಾ ಒಳ್ಳೆಯದು. ಹೊರಗಿರುವ ನಿಮ್ಮ ಟೆಸ್ಟ್ ಎಲ್‌ಪಾರ್‌ಗೆ ಮಾತ್ರ ಆ ಎನ್‌ಕ್ಯೂ ಕಾಣುವುದಿಲ್ಲ, ತಡೆಯಲು ರಿಸರ್ವ್ ಕೂಡ ಇಲ್ಲ. ಪ್ರೊಡಕ್ಷನ್‌ನಲ್ಲಿ ವಿಟಾಕ್ (ಡಿಸ್ಕ್‌ನಲ್ಲಿ ಯಾವ ಜಾಗ ಯಾವ ಡೇಟಾಸೆಟ್‌ಗೆ ಎನ್ನುವ ಪಟ್ಟಿ) ಬದಲಾಗುತ್ತಿರುವಾಗಲೇ ಟೆಸ್ಟ್‌ನಿಂದಲೂ ಬದಲಾಗಬಹುದು. ಒಂದೇ ಜಾಗ ಎರಡು ಡೇಟಾಸೆಟ್‌ಗಳಿಗೆ ಹೋದರೆ ಅದು ಗೊತ್ತಾಗುವಷ್ಟರಲ್ಲಿ ಡೇಟಾ ಹಾಳಾಗಿರುತ್ತದೆ. ಪಿಡಿಎಸ್‌ಇ (ಹಲವು ಮೆಂಬರ್‌ಗಳಿರುವ ಲೈಬ್ರರಿ ಮಾದರಿಯ ಡೇಟಾಸೆಟ್) ಇದ್ದರಂತೂ ಕೇಳಲೇಬೇಡಿ. ಅದನ್ನು ಸಿಸ್‌ಪ್ಲೆಕ್ಸ್ ದಾಟಿಸಿ ಹಂಚುವಂತಿಲ್ಲ.

ಇನ್ನು ಸಿಸ್‌ಪ್ಲೆಕ್ಸ್ ಒಳಗಿನ ಮಾತು. ಅಲ್ಲಿ ಡಿಸ್ಕ್ ಎಲ್ಲರಿಗೂ ಕಂಡರೂ ಪ್ರತಿ ಡೇಟಾಸೆಟ್ಟೂ ಎಲ್ಲರದ್ದಲ್ಲ. ಗುಂಪಿನ ಸಿಸ್ಟಮ್‌ಗಳ ಸ್ಥಿತಿ ಬರೆದಿಡುವ ಕಪಲ್ ಡೇಟಾಸೆಟ್ ಎಲ್ಲರಿಗೂ ಸಿಗಲೇಬೇಕು. ಜಾಬ್‌ಗಳನ್ನು ನೋಡಿಕೊಳ್ಳುವ ಜೆಸ್2ನ ಸ್ಪೂಲ್ ಮತ್ತು ಚೆಕ್‌ಪಾಯಿಂಟ್ ಒಂದೇ ಜೆಸ್2 ಗುಂಪಿನವರಿಗೆಲ್ಲ ಬೇಕು. ಸಿಸ್‌ರೆಸ್ (ಆಪರೇಟಿಂಗ್ ಸಿಸ್ಟಮ್ ಇರುವ ವಾಲ್ಯೂಮ್) ಹಂಚಿಕೊಳ್ಳಬಹುದು. ಪೇಜ್ ಡೇಟಾಸೆಟ್ (ಮೆಮೊರಿಯಿಂದ ಹೊರಹಾಕಿದ್ದನ್ನು ಇಡುವುದು), ಎಸ್‌ಎಂಎಫ್‌ನ ಮ್ಯಾನ್ ಡೇಟಾಸೆಟ್‌ಗಳು (ಸಿಸ್ಟಮ್ ಬಳಕೆಯ ದಾಖಲೆ) ಮಾತ್ರ ಸಿಸ್ಟಮ್‌ಗೊಂದು ಬೇರೆಬೇರೆ ಇರಬೇಕು. ಹೆಸರಿನಲ್ಲೇ ಸಿಸ್‌ನೇಮ್ ಸಿಂಬಲ್ (ಆಯಾ ಸಿಸ್ಟಮ್‌ನ ಹೆಸರು ತಾನಾಗಿ ಬಂದು ಕೂರುವ ಗುರುತು) ಹಾಕಿಬಿಡಿ, ಗೊಂದಲ ತಪ್ಪುತ್ತದೆ. ಅಂದಹಾಗೆ, ಕಪಲ್ ಡೇಟಾಸೆಟ್ ಇರುವ ವಾಲ್ಯೂಮ್ ಮೇಲೆ ಜಾಸ್ತಿ ರಿಸರ್ವ್ ಬೀಳುವ ಯಾವುದನ್ನೂ ಇಡಬೇಡಿ. ಸಿಸ್ಟಮ್ ಅದರಲ್ಲಿ ‘ನಾನಿನ್ನೂ ಇದ್ದೇನೆ’ ಎಂದು ಬರೆಯಲು ತಡವಾದರೆ ಚೆನ್ನಾಗಿರುವ ಸಿಸ್ಟಮನ್ನೇ ಗುಂಪಿನಿಂದ ಹೊರಗೆ ಹಾಕುವ ಪರಿಸ್ಥಿತಿ ಬರುತ್ತದೆ.

ನನ್ನ ಸಲಹೆ: ಟೆಸ್ಟ್ ಎಲ್‌ಪಾರ್‌ಗೆ ಪ್ರೊಡಕ್ಷನ್ ವಾಲ್ಯೂಮ್ ಕೊಡಬೇಡಿ. ಡೇಟಾ ಸಾಗಿಸಬೇಕಿದ್ದರೆ ಎಫ್‌ಟಿಪಿ ಸಾಕು. ಡಿಸ್ಕೇ ಬೇಕೆಂದರೆ ಅದಕ್ಕೇ ಒಂದು ಬೇರೆ ವಾಲ್ಯೂಮ್ ಇಡಿ, ಅದರ ರಿಸರ್ವ್ ಕನ್ವರ್ಟ್ ಮಾಡಬೇಡಿ, ಅದರಲ್ಲಿ ಪಿಡಿಎಸ್‌ಇ ಬೇಡ. ಈ ಕಡೆ ಬರೆದು ಮುಗಿಸಿದ ಮೇಲೆಯೇ ಆ ಕಡೆ ಓದಿ. ಉಳಿದವನ್ನು ಟೆಸ್ಟ್‌ನಲ್ಲಿ ಸುಮ್ನೆ ಆಫ್‌ಲೈನ್ ಮಾಡಿದರೆ ಸಾಲದು, ಯಾರಾದರೂ ಮತ್ತೆ ಆನ್‌ಲೈನ್ ಮಾಡಬಹುದು. ಎಚ್‌ಸಿಡಿಯಲ್ಲೇ ಆ ಎಲ್‌ಪಾರ್‌ನಿಂದ ತೆಗೆದುಬಿಡಿ.