ಗೋಳಗುಮ್ಮಟದ ಊರಿಗೆ ಚಹಾ ತೋಟದ ಹಸಿರು ಯಾಕೆ?

ಮುನ್ನಾರ್‌ಗೋ ಊಟಿಗೋ ಹೋಗಿ ಬಂದವರು ಮೊಬೈಲ್ ತೆಗೆದು ಚಹಾ ತೋಟದ ಫೋಟೊ ತೋರಿಸುತ್ತಾರೆ. ಕೊನೆಗೆ ಒಂದು ಮಾತು ಬಂದೇ ಬರುತ್ತದೆ: "ನಮ್ಮ ವಿಜಯಪುರದಾಗ ಏನೈತ್ರಿ, ಬರೇ ಬಿಸಿಲು." ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಚಹಾ ತೋಟದ ಆ ಚೆಲುವು ಪ್ರವಾಸಿಗರಿಗಾಗಿ ಹುಟ್ಟಿದ್ದಲ್ಲ. ಚಹಾ ಗಿಡವನ್ನು ಸುಮ್ನೆ ಬಿಟ್ಟರೆ ಮರವಾಗುತ್ತದೆ. ಎಲೆ ಕೀಳುವವರ ಕೈಗೆ ಸಿಗಲಿ ಅಂತ ಸೊಂಟದೆತ್ತರಕ್ಕೆ ಸವರುತ್ತಾರೆ. ಗುಡ್ಡ ಕಂಬಳಿ ಹೊದ್ದಂತೆ ಕಾಣುವುದು ಅದರಿಂದಲೇ. ನಡುವಿನ ಸಿಲ್ವರ್ ಓಕ್ ನೆರಳಿಗೆ, ಸಣ್ಣ ದಾರಿಗಳು ಕೆಲಸದವರ ಓಡಾಟಕ್ಕೆ. ದುಡಿಮೆಯೇ ಅಲ್ಲಿ ನೋಟವಾಗಿದೆ. ವಿಜಯಪುರಕ್ಕೂ ಅಂಥದ್ದೊಂದು ನೋಟ ಇದೆ. ಅದು ನೀರಿನದು.

ಇಲ್ಲಿ ವರ್ಷಕ್ಕೆ ಬೀಳುವುದು ಸುಮಾರು 600 ಮಿಲಿಮೀಟರ್ ಮಳೆ. ಮೇಲೆ ಎರೆ ಮಣ್ಣು, ಕೆಳಗೆ ಕರಿಕಲ್ಲು. 1565ರಲ್ಲಿ ವಿಜಯನಗರ ಬಿದ್ದ ಮೇಲೆ ಆದಿಲ್ ಶಾಹಿಗಳ ಈ ಊರಿಗೆ ಜನ ಜಾಸ್ತಿಯಾದರು. ಒಂದನೇ ಅಲಿ ಆದಿಲ್ ಶಾಹ 1579ರಲ್ಲಿ ಚಾಂದ್ ಬಾವಡಿ ಅನ್ನುವ ಮೆಟ್ಟಿಲು ಬಾವಿ ಕಟ್ಟಿಸಿದ. ಪಶ್ಚಿಮಕ್ಕಿರುವ ತೊರವಿಯಿಂದ ನೆಲದಡಿ ಸುರಂಗ ಕೊರೆದು ನೀರು ತಂದರು. ಹರಿಸಿದ್ದು ಇಳಿಜಾರು ಮಾತ್ರ. ಗಾಳಿಯಾಡಲು, ಹೂಳು ತೆಗೆಯಲು ಅಲ್ಲಲ್ಲಿ ಬಾವಿಯಂಥ ಕಿಂಡಿ ಬಿಟ್ಟರು. 1620ಕ್ಕೆ ತಾಜ್ ಬಾವಡಿ ಬಂತು, 1651ಕ್ಕೆ ಬೇಗಂ ತಾಲಾಬ್ ಅನ್ನುವ ಕೆರೆ.

ತಾಲಾಬಿನಿಂದ ಊರಿಗೆ ಮಣ್ಣಿನ ಕೊಳವೆ ಹಾಕಿದ್ದರು. ನೀರಿನ ಒತ್ತಡ ಹೆಚ್ಚಾದರೆ ಅವು ಒಡೆಯುತ್ತವೆ, ಅಲ್ವಾ? ಅದಕ್ಕೇ ದಾರಿಯುದ್ದಕ್ಕೂ ಗಂಜ್ ಕಟ್ಟಿದರು. ಚೌಕಾಕಾರದ ಕಲ್ಲಿನ ಗೋಪುರ. ನೀರು ಅದರೊಳಗೆ ಮೇಲೇರಿ, ಒತ್ತಡ ಕಳೆದುಕೊಂಡು, ಮುಂದೆ ಹೋಗುತ್ತಿತ್ತು. ಕೆಸರು ತಳದಲ್ಲೇ ನಿಲ್ಲುತ್ತಿತ್ತು. ಇವತ್ತಿಗೂ ರಸ್ತೆ ಬದಿಯಲ್ಲಿ ಗಂಜ್ ನಿಂತಿವೆ. ಒಂದರ ನೆರಳಿನಲ್ಲಿ ಬಾಳೆಹಣ್ಣಿನ ಗಾಡಿ ನೋಡಿದೆ. ಗಾಡಿಯವರು ಕಲ್ಲಿನ ಸಂದಿಗೆ ಮೊಳೆ ಹೊಡೆದು ಚೀಲ ನೇತುಹಾಕಿದ್ದರು. ತಪ್ಪು ಅವರದಲ್ಲ. ಇದೇನು ಅಂತ ಹೇಳುವ ಒಂದು ಫಲಕವೂ ಅಲ್ಲಿರಲಿಲ್ಲ.

ಆಗಿನ ತೋಟಗಳು ಈ ನೀರನ್ನೇ ನಂಬಿದ್ದವು. ಇಬ್ರಾಹಿಂ ರೋಜಾದಲ್ಲಿ ಗೋರಿಗೂ ಮಸೀದಿಗೂ ನಡುವೆ ಕಾರಂಜಿಯ ಹೊಂಡವಿದೆ. ವಿಜಯಪುರದ ಹತ್ತಿರದ ಕುಮಟಗಿಯಲ್ಲಂತೂ ನೀರೇ ಮನರಂಜನೆ. ಕೆರೆ ಪಕ್ಕ, ಹೊಂಡದ ನಡುವೆ ಮಂಟಪ, ಮೇಲಿಂದ ನೀರು ಸುರಿಯುವ ಏರ್ಪಾಡು, ಗೋಡೆ ಮೇಲೆ ಕುದುರೆ ಏರಿ ಚೆಂಡಾಡುವವರ ಚಿತ್ರ. ಬಿಸಿಲೂರಿನವರು ಬೇಸಿಗೆ ಕಳೆಯಲು ಮಾಡಿಕೊಂಡ ಜಾಗ ಅದು.

1686ರಲ್ಲಿ ಔರಂಗಜೇಬ ಊರು ಗೆದ್ದ. ಜನ ಚದುರಿದರು. ಹೂಳು ತೆಗೆಯುವವರು ಇಲ್ಲವಾದರು. 1885ರಲ್ಲಿ ಬ್ರಿಟಿಷರು ಜಿಲ್ಲಾ ಕೇಂದ್ರವನ್ನು ಕಲಾದಗಿಯಿಂದ ಇಲ್ಲಿಗೆ ತಂದಾಗ ಹಳೆಯ ಮಹಲುಗಳೇ ಕಚೇರಿಗಳಾದವು.

ಹುಲ್ಲುಹಾಸು ಬಂದದ್ದು ಆಮೇಲೆ. ವೈಸರಾಯ್ ಕರ್ಜನ್ ಕಾಲದಲ್ಲಿ, 1904ರಲ್ಲಿ, ಸ್ಮಾರಕಗಳ ರಕ್ಷಣೆಗೆ ಕಾನೂನು ಆಯಿತು. ಅದೇ ಹೊತ್ತಿಗೆ ತಾಜ್‌ಮಹಲಿನ ತೋಟವನ್ನು ಇಂಗ್ಲಿಷ್ ಮಾದರಿಯ ಹುಲ್ಲುಹಾಸಾಗಿ ಬದಲಿಸಿದರು. ಕಟ್ಟಡ ದೂರದಿಂದ ಚೆಂದ ಕಾಣಬೇಕು, ಸುತ್ತ ಹಸಿರಿರಬೇಕು ಅನ್ನುವ ಆ ರುಚಿ ದೇಶದ ತುಂಬ ಹರಡಿತು. ನಮ್ಮ ಗೋಳಗುಮ್ಮಟದ ಮುಂದೆಯೂ ಇವತ್ತು ಹುಲ್ಲೇ. ಏಪ್ರಿಲ್ ಬಿಸಿಲಿನಲ್ಲಿ ಆ ಹುಲ್ಲು ಎಷ್ಟು ನೀರು ಕುಡಿಯುತ್ತದೆ ಅನ್ನುವುದು ಮನೆ ಮುಂದೆ ನಾಲ್ಕು ಕುಂಡ ಇಟ್ಟವರಿಗೂ ಗೊತ್ತು.

ಈಗಿನ ಕಾನೂನು 1958ರದು. 2010ರ ತಿದ್ದುಪಡಿ ಪ್ರಕಾರ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ. ಒಳ್ಳೆಯದೇ. ಆದರೆ ಕಾನೂನು ಒಂದೊಂದು ಕಟ್ಟಡದ ಸುತ್ತ ಗೆರೆ ಎಳೆಯುತ್ತದೆ. ನೀರಿನ ದಾರಿ ಹೊಲ, ಓಣಿ, ಲೇಔಟ್‌ಗಳ ಅಡಿಯಲ್ಲಿ ಮೈಲಿಗಟ್ಟಲೆ ಹೋಗುತ್ತದೆ. ತಾಜ್ ಬಾವಡಿಯ ಹೂಳು ತೆಗೆಸಿದ್ದು ದೊಡ್ಡ ಕೆಲಸ. ಹಳೆಯ ಸ್ಮಾರಕಗಳನ್ನು ಉಳಿಸಲು ದುಡಿಯುವ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಸಂಸ್ಥೆ 2020ರ ನಿಗಾ ಪಟ್ಟಿಗೆ ದಖ್ಖನ್ ಪ್ರಸ್ಥಭೂಮಿಯ ಹಳೆಯ ನೀರಿನ ವ್ಯವಸ್ಥೆಗಳನ್ನು ಸೇರಿಸಿದ್ದೂ ಧೈರ್ಯ ತಂದಿತು.

ಇನ್ನು ಬೇಕಿರುವುದು ನಡೆಯಲು ಒಂದು ದಾರಿ. ತೊರವಿಯಿಂದ ಊರೊಳಗಿನ ಬಾವಡಿವರೆಗೆ. ಎರಡೂ ಬದಿಗೆ ಬೇವು, ಹುಣಸೆ. ಇವು ನಮ್ಮ ಮಣ್ಣಿಗೆ ಒಗ್ಗಿದ ಮರಗಳು. ದಾರಿ ತೋರಿಸಲು ಅಲ್ಲಿನ ಹುಡುಗ ಹುಡುಗಿಯರು. ಪ್ರತಿ ಗಂಜ್ ಹತ್ತಿರ ಕೂರಲು ಕಲ್ಲಿನ ಕಟ್ಟೆ, ಕನ್ನಡದಲ್ಲಿ ನಾಲ್ಕು ಸಾಲು. ಬಾಳೆಹಣ್ಣಿನ ಗಾಡಿಯೂ ಅಲ್ಲೇ ಇರಲಿ, ಮೊಳೆ ಮಾತ್ರ ಬೇಡ.