ದುಡ್ಡು ಪಡೆದ ಮೇಲೆ ಬಂಗಲೆ ಯಾರದು?

ನಮ್ಮ ಭಾಗದಲ್ಲಿ ಬಹಳ ವರ್ಷ ಬಂಗಲೆ ಎಂದರೆ ಐಬಿ, ಅಂದರೆ ಸರ್ಕಾರಿ ಅಧಿಕಾರಿಗಳು ತಂಗುವ ಇನ್‌ಸ್ಪೆಕ್ಷನ್ ಬಂಗಲೆ. ಸುರಪುರದ ಗುಡ್ಡದ ಮೇಲೆ 1840ರ ದಶಕದಲ್ಲಿ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಕಟ್ಟಿಸಿದ ಟೇಲರ್ ಮಂಜಿಲ್ ಕೂಡ ಮುಂದೆ ಪ್ರವಾಸಿ ಮಂದಿರವಾಯಿತು. ಐಬಿಯ ಬಾಡಿಗೆ ಚಿಲ್ಲರೆ ಕಾಸು, ಆದರೆ ಸಿಗುತ್ತಿದ್ದುದು ವಶೀಲಿಯ ಮೇಲೆ. ಲೋಕೋಪಯೋಗಿ ಇಲಾಖೆಯ ಕಚೇರಿಯಿಂದ ಚೀಟಿ ತರಬೇಕು, ಖಾನ್ಸಾಮನ ಮರ್ಜಿ ಕಾಯಬೇಕು. ಇಷ್ಟಾದರೂ ರಾತ್ರಿ ಸಾಹೇಬರ ಜೀಪು ಬಂತೆಂದರೆ ಗಂಟುಮೂಟೆ ಕಟ್ಟಬೇಕು. ಸರ್ಕಾರಿ ಕೆಲಸದ ಮೇಲೆ ಬಂದವರಿಗೇ ಮೊದಲ ಹಕ್ಕು ಎಂಬ ಷರತ್ತಿಗೆ ಒಪ್ಪಿಯೇ ಒಳಗೆ ಕಾಲಿಟ್ಟಿರುತ್ತಿದ್ದೆವು, ತಕರಾರಿಗೆ ಜಾಗವಿರಲಿಲ್ಲ.

ಈಗಿನ ಮಾತೇ ಬೇರೆ. ಹೈದರಾಬಾದಿನಿಂದ ಬೀದರ್‌ಗೆ ಸುಮಾರು 140 ಕಿ.ಮೀ. ಶನಿವಾರ ಬೆಳಿಗ್ಗೆ ಹೊರಟವರು ಮಧ್ಯಾಹ್ನದ ಊಟಕ್ಕೆ ಇಲ್ಲಿರುತ್ತಾರೆ. ವಿಲಾಸಪುರ ಕೆರೆಯ ಬಳಿ ಜಂಗಲ್ ಲಾಡ್ಜಸ್‌ನವರ ಬ್ಲ್ಯಾಕ್‌ಬಕ್ ರೆಸಾರ್ಟ್ ಇದೆ, ಚಿಂಚೋಳಿ ಕಾಡಿನ ಕಡೆಗೂ ಜನ ತಿರುಗುತ್ತಿದ್ದಾರೆ. ಇದನ್ನು ನೋಡಿ ತೋಟದ ಮನೆಗೆ ಎಸಿ ಹಾಕಿಸಿ, ಫೋಟೊ ತೆಗೆಸಿ, ಆ್ಯಪಿನಲ್ಲಿ ಬಾಡಿಗೆಗೆ ಬಿಟ್ಟವರು ಹಲವರು.

ಮನೆ ಹೊಸದಾಯಿತು, ಮಾಲೀಕರ ಮನಸ್ಸು ಮಾತ್ರ ಐಬಿ ಕಾಲದ್ದೇ. ವಕೀಲನಾದ ನನ್ನ ಬಳಿ ಬರುವ ಜಗಳಗಳ ಬೇರು ಹೆಚ್ಚಾಗಿ ಇಲ್ಲೇ ಇರುತ್ತದೆ. ಹೈದರಾಬಾದಿನ ಕುಟುಂಬವೊಂದು ತಿಂಗಳ ಮೊದಲೇ ಪೂರ್ತಿ ದುಡ್ಡು ಕಟ್ಟಿರುತ್ತದೆ. ಅದೇ ವಾರ ಬೀಗರ ಮನೆಯ ಮದುವೆ, ಇಲ್ಲವೇ ಶಾಸಕರ ಕಡೆಯವರ ಫೋನು. ಮಾಲೀಕರು ಬುಕಿಂಗ್ ರದ್ದು ಮಾಡಿ, ‘ದುಡ್ಡು ವಾಪಸ್ ಕೊಟ್ಟೀನಲ್ರೀ, ಇನ್ನೇನು ಬೇಕು? ಮನಿ ನಂದು’ ಎನ್ನುತ್ತಾರೆ. ಮನೆ ಅವರದೇ, ನಿಜ. ದುಡ್ಡು ಪಡೆದ ಮೇಲೆ ಆ ಎರಡು ರಾತ್ರಿಯ ಮಟ್ಟಿಗೆ ಅದು ಮಾರಿದ ಸೇವೆ, ಕೊಡದಿದ್ದರೆ ಗ್ರಾಹಕ ದೂರು ಕೊಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಒಂದು ಬದಲಾವಣೆಯಾಗಿದೆ, ಅದನ್ನು ಹೇಳಿದಾಗ ಮಾಲೀಕರ ಮುಖ ಬಾಡುತ್ತದೆ. ಗ್ರಾಹಕ ತಾನು ವಾಸಿಸುವ ಊರಿನಲ್ಲೇ ದೂರು ಕೊಡಬಹುದು, ಅದೂ ಆನ್‌ಲೈನ್‌ನಲ್ಲಿ. ಅಂದರೆ ಹುಮನಾಬಾದಿನ ತೋಟದವರು ಉತ್ತರ ಹೇಳಲು ಹೈದರಾಬಾದಿನ ಗ್ರಾಹಕ ಆಯೋಗದ ಮುಂದೆ ನಿಲ್ಲಬೇಕಾದೀತು.

ಜಮೀನಿನ ವಿಷಯದಲ್ಲಿ ಕಣ್ಣು ಮುಚ್ಚಿಕೊಳ್ಳುವವರೇ ಹೆಚ್ಚು. ರೈತ ತನ್ನ ಹೊಲದಲ್ಲಿ ತನ್ನ ಬಳಕೆಗೆ ಮನೆ ಕಟ್ಟಬಹುದು. ಅದನ್ನೇ ದಿನಬಾಡಿಗೆಗೆ ಬಿಟ್ಟರೆ ಕೃಷಿಯೇತರ ಬಳಕೆಯ ಪ್ರಶ್ನೆ ಏಳುತ್ತದೆ, ಕೃಷಿ ಜಮೀನನ್ನು ಬೇರೆ ಬಳಕೆಗೆ ತಿರುಗಿಸಲು ಅನುಮತಿ ಬೇಕೆನ್ನುವ ಕರ್ನಾಟಕ ಭೂ ಕಂದಾಯ ಕಾಯ್ದೆಯ 95ನೇ ಕಲಂ ಎದುರಾಗುತ್ತದೆ. ಪಕ್ಕದ ಹೊಲದವರೊಂದಿಗೆ ಬದುವಿನ ಜಗಳವಿದ್ದರೆ ದೂರಿನ ಅರ್ಜಿ ಹೋಗುವುದು ಖಂಡಿತ.

ಜಿಎಸ್‌ಟಿ ಬಗ್ಗೆ ಅಷ್ಟು ಹೆದರಬೇಕಿಲ್ಲ. ವರ್ಷದ ವಹಿವಾಟು 20 ಲಕ್ಷ ರೂ. ದಾಟದ, ನೋಂದಣಿ ಇಲ್ಲದ ಮಾಲೀಕರ ಪರವಾಗಿ ಆ್ಯಪಿನವರೇ ತೆರಿಗೆ ಕಟ್ಟುತ್ತಾರೆ. ದಿನಕ್ಕೆ 7,500 ರೂ.ವರೆಗಿನ ಕೋಣೆಗೆ 2025ರ ಸೆಪ್ಟೆಂಬರ್ 22ರಿಂದ ಶೇ 5, ಅದಕ್ಕಿಂತ ಮೇಲೆ ಶೇ 18.

ಹಾಗೆಂದು ಅತಿಥಿಗಳೆಲ್ಲ ಸಾಧುಗಳಲ್ಲ. ಹತ್ತು ಮಂದಿ ಎಂದು ಬರೆಸಿ ಮೂವತ್ತು ಮಂದಿ ಇಳಿಯುತ್ತಾರೆ, ಡಿಜೆ ತರುತ್ತಾರೆ. ತಲೆ ಎಣಿಕೆ, ಗುರುತಿನ ಚೀಟಿ, ರಾತ್ರಿ 10ರ ನಂತರ ಧ್ವನಿವರ್ಧಕ ಇಲ್ಲ ಎನ್ನುವುದು, ರದ್ದಾದರೆ ಯಾರಿಗೆಷ್ಟು ಎನ್ನುವುದು, ಇಷ್ಟನ್ನು ಇಸಾರ ಪಡೆಯುವ ಮೊದಲೇ ಬರಹದಲ್ಲಿ ಒಪ್ಪಿಸಿಕೊಳ್ಳಿ. ವಾಟ್ಸ್‌ಆ್ಯಪ್ ಸಂದೇಶವಾದರೂ ಸರಿ, ಬಾಯಿಮಾತು ಬೇಡ.

ಇನ್ನು ತೋಟದ ಬಾವಿ. ನಗರದ ಮಕ್ಕಳಿಗೆ ಅದು ಈಜುಕೊಳದಂತೆ ಕಾಣುತ್ತದೆ, ಆಳ ಗೊತ್ತಿರುವುದಿಲ್ಲ. ಕಟ್ಟೆ, ಜಾಲರಿ ಇಲ್ಲದ ತೋಟದ ಮನೆಗೆ ನಾನು ಕರಾರು ಬರೆದುಕೊಡುವುದಿಲ್ಲ. ‘ಈಜಬಾರದು’ ಎಂಬ ಬೋರ್ಡು ಸಾಕು ಎನ್ನುವವರು ಬೇರೆ ವಕೀಲರನ್ನು ನೋಡಿಕೊಳ್ಳಲಿ.